ಗೋದಾ ತಪ್ಪು ಬರೆದ ಉತ್ತರ

“ಇದು ತಪ್ಪು!”

ಬೆನ್ನ ಹಿಂದೆ ಗಂಡಸಿನ ದನಿ ಕೇಳಿ ಗೋದಾ ಬೆಚ್ಚಿಬಿದ್ದಳು. ಮಂಡ್ಯದ ಗ್ರಂಥಾಲಯದಲ್ಲಿ ನಾಲ್ಕು ಶನಿವಾರಗಳಿಂದ ಒಬ್ಬಳೇ ಕೂತು ಓದುತ್ತಿದ್ದವಳನ್ನು ಇಲ್ಲಿಯವರೆಗೆ ಯಾರೂ ಮಾತಾಡಿಸಿರಲಿಲ್ಲ.

“ಕ್ಷಮಿಸಿ... ಕಣ್ಣಿಗೆ ಬಿತ್ತು. ನಾನು ಚಲುವನಾರಾಯಣ. ಇಲ್ಲೇ ಕಾಲೇಜಿನಲ್ಲಿ ತರ್ಕಶಾಸ್ತ್ರದ ಮೇಷ್ಟ್ರು. ಲಾ ಕಾಲೇಜಿನ ಪ್ರವೇಶ ಪರೀಕ್ಷೆಗೆ ಓದ್ತಿದೀರಾ?”

ಗೋದಾ ತಲೆಯಾಡಿಸಿದಳು. ಅವನು ಪ್ರಶ್ನೆಯನ್ನು ಓದಿದ.

“‘ಕರಿಯಯ್ಯ ಹೊಸ ಎತ್ತು ತಂದ. ಮರುದಿನ ಅವನ ಬಾವಿಯಲ್ಲಿ ನೀರು ಉಕ್ಕಿತು. ಆದ್ದರಿಂದ ನೀರು ಬಂದದ್ದು ಎತ್ತಿನಿಂದ.’ ಈ ವಾದ ಸರಿ ಅಂತ ಬರೆದಿದೀರಲ್ಲ!”

“ಲೋಕ ಹಾಗೇ ಅಲ್ವಾ ಹೇಳೋದು?”

“ಲೋಕ ಏನಾದ್ರೂ ಹೇಳಲಿ. ಒಂದಾದ ಮೇಲೆ ಇನ್ನೊಂದು ಆಯ್ತು ಅಂದ ಮಾತ್ರಕ್ಕೆ ಮೊದಲಿನದೇ ಕಾರಣ ಆಗಿಬಿಡುತ್ತಾ?”

ಗೋದಾ ಬರೆದ ಉತ್ತರವನ್ನು ಅಂಗೈಯಿಂದ ಮುಚ್ಚಿಕೊಂಡಳು.

ಐದು ವರ್ಷದ ಹಿಂದೆ, ಮದುವೆಯಾದ ಇಪ್ಪತ್ತೊಂದನೇ ದಿನ ಅವಳ ಗಂಡ ತೀರಿಕೊಂಡಿದ್ದ. ಆಗ ಅವಳಿಗೆ ಹತ್ತೊಂಬತ್ತು. ‘ಹುಡುಗಿಯ ಕಾಲ್ಗುಣ’ ಅಂದರು ಎಲ್ಲರೂ. ಈಗ ಎಪ್ಪತ್ತನಾಲ್ಕನೇ ಇಸವಿ. ಮಳವಳ್ಳಿಯಲ್ಲಿ ಅಣ್ಣನ ಮನೆ, ವಕೀಲರ ಆಫೀಸಿನಲ್ಲಿ ಟೈಪಿಂಗ್ ಕೆಲಸ. ಮನೆಯಿಂದ ಯಾರಾದರೂ ಒಳ್ಳೆಯ ಕೆಲಸಕ್ಕೆ ಹೊರಟರೆ, ಅವಳು ಎದುರಿಗೆ ಬರಬಾರದೆಂದು ಹಿತ್ತಿಲಲ್ಲೇ ಇದ್ದುಬಿಡುತ್ತಿದ್ದಳು. ಯಾರೂ ಹೇಳಬೇಕಾಗಿರಲಿಲ್ಲ.

ಆಮೇಲಿನ ಶನಿವಾರಗಳಲ್ಲಿ ಚಲುವನಾರಾಯಣ ಅವಳೆದುರು ಕೂತು ಪಾಠ ಹೇಳಿದ. ವಾದ ಎಲ್ಲಿ ಎಡವುತ್ತದೆ, ಕೇಳಬೇಕಾದ ಯಾವ ಪ್ರಶ್ನೆಯನ್ನು ಕೇಳದೇ ಬಿಟ್ಟಿದ್ದಾರೆ... ಎಲ್ಲ ತಿಳಿಸಿದ. ಅವಳು ನಗುವುದನ್ನು ಮತ್ತೆ ಕಲಿತಳು. ಒಂದು ದಿನ ತನ್ನ ಕಥೆಯನ್ನೂ ಹೇಳಿಬಿಟ್ಟಳು. ಅವನು ಪುಸ್ತಕ ಮುಚ್ಚಿಟ್ಟು ಕೇಳಿಸಿಕೊಂಡ. ಕೊನೆಗೆ, “ಬರೋ ಭಾನುವಾರ ನಿಮ್ಮಣ್ಣನ ಹತ್ತಿರ ಮಾತಾಡೋಕೆ ಬರ್ತೀನಿ,” ಅಂದ.

ಭಾನುವಾರ ಅವನು ಬರಲಿಲ್ಲ. ಸುದ್ದಿ ಬಂತು. ಮದ್ದೂರು ದಾಟುತ್ತಲೇ ಸ್ಕೂಟರ್ ಉರುಳಿ ಮೇಷ್ಟ್ರ ಕಾಲು ಮುರಿದಿತ್ತು.

“ನಮ್ಮನೆ ಬಾಗಿಲಿಗೂ ಬರಲಿಲ್ಲ, ಆಗಲೇ ಹೀಗಾಯ್ತು!” ಅತ್ತಿಗೆ ಸರಸಮ್ಮ ನಿಟ್ಟುಸಿರಿಟ್ಟಳು. “ನಿನ್ನ ಕಾಲ್ಗುಣವೇ ಅಂಥದ್ದು ಕಣೇ ಗೋದಾ. ಆ ಜೀವಾನಾದ್ರೂ ಉಳಿಸು.”

ಗೋದಾ ಗ್ರಂಥಾಲಯಕ್ಕೆ ಹೋಗುವುದನ್ನು ಬಿಟ್ಟಳು. ಅವನಿಂದ ಎರಡು ಕಾಗದ ಬಂದವು. ಎರಡಕ್ಕೂ ಉತ್ತರ ಬರೆಯಲಿಲ್ಲ. ಮೂರನೆಯದು ಬರಲೇ ಇಲ್ಲ...

‘ದೂರ ಇದ್ದರೆ ಚೆನ್ನಾಗಿರ್ತಾರೆ,’ ಅಂದುಕೊಂಡು ಒಬ್ಬಳೇ ಓದಿದಳು. ಒಬ್ಬಳೇ ಮೈಸೂರಿಗೆ ಹೋಗಿ ಪರೀಕ್ಷೆಗೆ ಕೂತಳು.

ಏಳನೇ ಪ್ರಶ್ನೆ: ‘ಆಕಾಶದಲ್ಲಿ ಧೂಮಕೇತು ಕಾಣಿಸಿತು. ಹತ್ತನೇ ದಿನ ರಾಜ ಸತ್ತ. ಆದ್ದರಿಂದ ರಾಜನ ಸಾವಿಗೆ ಧೂಮಕೇತುವೇ ಕಾರಣ. ಈ ವಾದದ ದೋಷ ತಿಳಿಸಿ.’

ಅವಳು ಸರಸರನೆ ಬರೆದಳು. ‘ರಾಜನಿಗೆ ಮೊದಲೇ ಕಾಯಿಲೆ ಇತ್ತೇ ಎಂದು ಯಾರೂ ಕೇಳಿಲ್ಲ.’

ಪೆನ್ನು ನಿಂತಿತು.

ಹಸೆಮಣೆಯ ಮೇಲೆ ಏದುಸಿರು ಬಿಡುತ್ತಿದ್ದ ಮದುಮಗ. ನೀಲಿಗಟ್ಟಿದ ಅವನ ತುಟಿ. ಅವನ ಕಿವಿಯಲ್ಲಿ ತಾಯಿ ಪಿಸುಗುಟ್ಟಿದ ಮಾತು... ‘ಮಾತ್ರೆ ನುಂಗಿದ್ಯೇನೋ?’

ಪಕ್ಕದಲ್ಲೇ ಕೂತು ಅವಳು ಕೇಳಿಸಿಕೊಂಡಿದ್ದಳು!

‘ಅಯ್ಯೋ... ಅವರಿಗೆ ಮೊದಲೇ ಗೊತ್ತಿತ್ತು! ಎಲ್ಲ ಗೊತ್ತಿದ್ದೂ ನನ್ನ ತಲೆಗೆ ಕಟ್ಟಿದರು. ನಾನೂ ಹೊತ್ತುಕೊಂಡೆ!’

ಉತ್ತರಪತ್ರಿಕೆಯ ಮೇಲೆ ಕಣ್ಣೀರು ಬಿತ್ತು. ಸೆರಗಿನಿಂದ ಒರೆಸಿ ಉಳಿದ ಪ್ರಶ್ನೆಗಳನ್ನೆಲ್ಲ ಮುಗಿಸಿದಳು. ಬಸ್ ಸ್ಟ್ಯಾಂಡಿಗೆ ಬಂದಾಗ ಮಳವಳ್ಳಿಗೆ ಬನ್ನೂರಿನ ಮೇಲೆ ಹೋಗುವ ಬಸ್ಸು ಎದುರಿಗೇ ನಿಂತಿತ್ತು. ಗೋದಾ ಅದನ್ನು ಬಿಟ್ಟು ಮಂಡ್ಯದ ಬಸ್ಸು ಹತ್ತಿದಳು. ಅವನ ಕಾಗದದಲ್ಲಿದ್ದ ವಿಳಾಸ ಹುಡುಕಿ ಬಾಗಿಲು ತಟ್ಟಿದಳು.

ಬಾಗಿಲು ತೆರೆದ ಚಲುವನಾರಾಯಣ ಕೋಲು ಊರಿ ನಿಂತಿದ್ದ. ಸೊರಗಿದ್ದ.

“ನಿಮಗೆ ಇಷ್ಟವಿಲ್ಲ ಅಂತ ತಿಳ್ಕೊಂಡೆ,” ಅಂದ ಮೆಲ್ಲಗೆ. “ಅದಕ್ಕೇ ಮತ್ತೆ ಬರೀಲಿಲ್ಲ.”

“ನನ್ನಿಂದಲೇ ನಿಮ್ಮ ಕಾಲು ಮುರೀತು ಅಂತ ತಿಳ್ಕೊಂಡೆ... ಅದಕ್ಕೇ ಬರಲಿಲ್ಲ.”

ಅವನು ದಂಗಾದ. “ನಿಮ್ಮಿಂದಲಾ? ಮೆಕ್ಯಾನಿಕ್ ನಯಾಜ್ ಪಾಷಾ ಹದಿನೈದು ದಿನದಿಂದ ಬಡ್ಕೋತಿದ್ದ, ಸಾರ್, ಸ್ಕೂಟರ್ ಬ್ರೇಕ್ ಸರಿ ಮಾಡಿಸಿ ಅಂತ. ನನ್ನ ಸೋಮಾರಿತನ ಗೋದಾ!”

ಅವಳಿಗೆ ಅಳುವಿನ ನಡುವೆಯೇ ನಗು ಬಂತು. “ನಾನು ಕೇಳಲೇ ಇಲ್ಲ ನೋಡಿ...”

“ಈಗ ನಾನೊಂದು ಕೇಳ್ಲಾ? ನನ್ನ ಮದುವೆ ಆಗ್ತೀರಾ?”

“ಊರು ಸುಮ್ಮನಿರಲ್ಲ. ಅತ್ತಿಗೆ ಸುಮ್ಮನಿರಲ್ಲ.”

“ನೀವು?”

“ನಾನು...” ಅವಳು ತಲೆಯೆತ್ತಿ ಅವನನ್ನೇ ನೋಡಿದಳು. “ಐದು ವರ್ಷ ಒಬ್ಬಳೇ ಇದ್ದೆ. ಸಾಕಾಗಿದೆ. ಆಗ್ತೀನಿ.”

ಹೊರಗೆ ಬಿಸಿಲು ಇಳಿಯುತ್ತಿತ್ತು. ಅವನು ಚಪ್ಪಲಿ ಮೆಟ್ಟಿದ.

“ಬಸ್ ಸ್ಟ್ಯಾಂಡ್ ತನಕ ಬರ್ತೀನಿ.”

“ಈ ಕಾಲಲ್ಲಾ? ನಿಧಾನ ಆಗುತ್ತೆ.”

“ಆಗಲಿ. ಆದ್ರೆ ನಿಮ್ಮ ಬಸ್ಸು ತಪ್ಪಿದ್ರೆ?”

ಗೋದಾ ಅವನ ತೋಳು ಹಿಡಿದುಕೊಂಡಳು. “ಮುಂದಿನದಕ್ಕೆ ಹೋದರಾಯ್ತು.”