ಬಂದೇನವಾಜನ ಜಾಕೆಟ್

ಶೂಟಿಂಗಿನ ಬಟ್ಟೆಗಳ ಟ್ರಂಕು ತೆರೆದ ದರ್ಜಿ ಮಾಶಾಬಿ ತಲೆಮೇಲೆ ಕೈಹೊತ್ತು ಕೂತಳು. ಹೀರೊನ ಬದಲಿಗೆ ಜಿಗಿಯುವ ಡ್ಯೂಪ್ ಬಂದೇನವಾಜನ ಜಾಕೆಟ್ ಮಾಯ!

ಶಹಾಬಾದಿನ ಹಳೆಯ ಕಲ್ಲುಗಣಿಯಲ್ಲಿ ಸಿನಿಮಾ ಶೂಟಿಂಗ್. ಹನ್ನೊಂದಕ್ಕೇ ಬಿಸಿಲು ಚುರುಗುಟ್ಟುತ್ತಿತ್ತು. ಲೈಟಿನವರೆಲ್ಲ ಅಂಗಿ ಕಳಚಿ ಬನಿಯನ್ನಿನಲ್ಲಿದ್ದರು. ಬಂದೋಬಸ್ತಿಗೆ ಬಂದ ಹೆಡ್ ಕಾನ್‌ಸ್ಟೇಬಲ್ ಶಿವಗಂಗಾಳಿಗಂತೂ ಖುಷಿಯೋ ಖುಷಿ. ಮೆಚ್ಚಿನ ಹೊಡೆದಾಟದ ಹೀರೊ ಸಿದ್ದಲಿಂಗೇಶ ಕಣ್ಣೆದುರಿಗೇ ಇದ್ದಾನೆ, ಮೇಲೊಂದು ಕಳವಿನ ಕೇಸು ಬೇರೆ!

"ಇವನೇ ಮುಚ್ಚಿಟ್ಟಾನ್ರೀ," ಮ್ಯಾನೇಜರ್ ಅಶೋಕಕುಮಾರ ಬಂದೇನವಾಜನತ್ತ ಬೆರಳು ಮಾಡಿದ. "ಮೂವತ್ತು ಅಡಿ ಜಿಗಿಬೇಕಲ್ಲ, ಅಂಜ್ಯಾನ. ನಾಳಿಂದ ಇವನಿಗೆ ಕೆಲಸ ಇಲ್ಲ."

"ಇಪ್ಪತ್ತು ವರ್ಷ ಜಿಗಿದೀನ್ರೀ ಮೇಡಂ. ಇವತ್ತ್ಯಾಕ ಅಂಜಲಿ?" ಬಂದೇನವಾಜನ ಕಣ್ಣು ತುಂಬಿತು. ಪಾಪ, ಬೇರೆ ಕಸುಬು ಗೊತ್ತಿಲ್ಲದವನು.

"ಅಂವ ಕಳ್ಳ ಅಲ್ರೀ," ಸಿದ್ದಲಿಂಗೇಶ ನೆಲ ನೋಡುತ್ತ ಅಂದ. "ನಾನೇ ಜಿಗೀತೀನಿ ಬಿಡ್ರಿ." ಕುತ್ತಿಗೆತನಕ ಜಾಕೆಟ್ಟಿನ ಬಟನ್ ಹಾಕಿದ್ದ, ಬೆವರು ಧಾರಾಕಾರ. ಮೂರನೇ ಬಾಟಲಿ ನೀರು ಖಾಲಿ.

ಎರಡು ಸಲ ಆಪರೇಷನ್ ಆದ ಮೊಣಕಾಲು, ಈತ ಜಿಗಿಯುವುದೇ? ಶಿವಗಂಗಾ ಮಾಶಾಬಿಯತ್ತ ತಿರುಗಿದಳು.

"ಹೀರೊ ಜಾಕೆಟ್‌ಗೂ ಇವನ ಜಾಕೆಟ್‌ಗೂ ಏನು ಫರಕ್?"

"ಹೊರಗ ಎರಡೂ ಒಂದೇ. ಇವಂದಕ್ಕ ಒಳಗ ಹತ್ತಿ ಮೆತ್ತಿ ಹೊಲಿದೀನ್ರೀ."

"ಟ್ರಂಕಿಗೆ ಕೀಲಿ?"

"ಇಲ್ರೀ. ಬೆವರು ನಾತದ್ದು ಯಾರು ಒಯ್ತಾರ?"

ಹೌದಲ್ಲ! ಅಭಿಮಾನಿ ಆಗಿದ್ದರೆ ಹೀರೊನ ಜಾಕೆಟ್ಟಿಗೇ ಕೈಹಾಕುತ್ತಿದ್ದ.

"ಇವತ್ತು ಹೊಸಬರು ಯಾರು ಬಂದಾರ?"

"ನಮ್ಮ ಹೀರೊ ಸಿದ್ದಣ್ಣನ ಅವ್ವ, ಆಡಕಿ ಊರಿಂದ. ಮೊದಲ್ನೇ ಸಲ ಶೂಟಿಂಗ್ ನೋಡಲಿಕತ್ತಾರ."

ದೂರದಲ್ಲಿ ಕೊಡೆಯಡಿ ಕೂತಿದ್ದ ವಿಮಲಾಬಾಯಿ, ಹತ್ತಿರ ಬಂದ ಶಿವಗಂಗಾಳ ಕೈಹಿಡಿದರು. "ಸಿನಿಮಾದಾಗ ನನ್ನ ಮಗ ಜಿಗಿಯೋದು ನೋಡಿದ್ರ ಎದಿ ಝಲ್ ಅಂತದವ್ವಾ. ಜಿಗಿಯೋನ ಎಲುಬು ಮುರೀಬಾರ್ದಂತ ಇಪ್ಪತ್ತು ವರ್ಷದಿಂದ ಸೋಮವಾರ ಉಪವಾಸ ಮಾಡಲಿಕತ್ತೀನಿ."

ಶಿವಗಂಗಾ ನೆಟ್ಟಗೆ ಹೀರೊನ ಮುಂದೆ ಬಂದು ನಿಂತಳು. "ಅಣ್ಣಾರ, ಬಟನ್ ಬಿಚ್ರಿ."

"ಯಾ— ಯಾಕ್ರೀ?"

"ಎಲ್ಲಾರೂ ಅಂಗಿ ಕಳದಾರ. ನೀವು ಮೂರು ಬಾಟ್ಲಿ ನೀರು ಕುಡಿದ್ರಿ, ಒಂದು ಬಟನ್ ಬಿಚ್ಚಲಿಲ್ಲ. ಬಿಚ್ಚಿದ್ರ ಒಳಗಿನ ಮೆತ್ತಿ ಕಾಣ್ತದ! ನಿಮ್ಮ ಜಾಕೆಟ್ ನಿಮ್ಮ ಕಾರಿನಾಗ ಇರಬೇಕು. ಇದು ಬಂದೇನವಾಜಂದು. ಕದ್ದವರು ನೀವು!"

ಬಟನ್ ಬಿಚ್ಚಿತು. ಹತ್ತಿಯ ಮೆತ್ತೆ ಹೊರಗಿಣುಕಿತು. ಅಶೋಕಕುಮಾರ ಬಂದೇನವಾಜನ ಹೆಗಲ ಮೇಲೆ ಕೈ ಇಟ್ಟ.

"ಅವ್ವ ಮೊದಲ್ನೇ ಸಲ ಬಂದಾಳ," ಸಿದ್ದಲಿಂಗೇಶ ಅಂದ. "ನಾನೇ ಜಿಗೀತೀನಿ ಅಂತ ಇಷ್ಟು ವರ್ಷ ಸುಳ್ಳು ಹೇಳೀನಿ. ಅಕಿ ಮುಂದ ಬಂದೇನವಾಜ ಜಿಗಿದ್ರ ಯಾವ ಮಾರಿ ತೋರಸ್ಲಿ? ಅದಕ್ಕ ಇವನ ಮೆತ್ತಿ ಜಾಕೆಟ್ ಹಾಕ್ಕೊಂಡು ನಾನೇ ಜಿಗೀಬೇಕಂದೆ. ತಪ್ಪಾತು ಬಂದೇನವಾಜ. ನಿನ್ನ ಕೆಲಸಕ್ಕ ಕುತ್ತು ಬರ್ತದಂತ ಅಂದ್ಕೊಂಡಿದ್ದಿಲ್ಲ."

ಹಿಂದೆಯೇ ಕೆಮ್ಮು ಕೇಳಿಸಿತು. ವಿಮಲಾಬಾಯಿ! ಎಲ್ಲವನ್ನೂ ಕೇಳಿಸಿಕೊಂಡಿದ್ದರು.

"ಬಂದೇನವಾಜ, ನಿಂದು ಎಂದರ ಎಲುಬು ಮುರದದೇನಪಾ?"

"ಒಂದೂ ಇಲ್ರೀ ಅವ್ವಾ."

ಮುದುಕಿ ಹೊಟ್ಟೆ ಹಿಡಿದು ನಕ್ಕರು. "ನೋಡ್ರಿ! ಉಪವಾಸ ನಂದು, ಮೊಣಕಾಲು ಹೋದದ್ದು ನನ್ನ ಮಗಂದು, ಎಲುಬು ಉಳದದ್ದು ಇವಂದು!" ಜಾಕೆಟ್ಟನ್ನು ತಾವೇ ಬಂದೇನವಾಜನಿಗೆ ತೊಡಿಸಿ ಬೆನ್ನು ಸವರಿದರು.

"ಹೋಗಪಾ, ಧೈರ್ಯಲೇ ಜಿಗಿ. ಇವತ್ತೂ ಸೋಮವಾರ ಅದ."