ಡೊಳ್ಳು ಕತ್ತರಿಸಿದ ಜೋಗುಳ

ಜತ್ತ ಬಸ್ ನಿಲ್ದಾಣದ ಎದುರಿನ ಸಿ.ಡಿ. ಅಂಗಡಿಯ ಮುಂದೆ ಯಮನವ್ವ ನಿಂತುಬಿಟ್ಟಳು. ಒಳಗಿನ ಸ್ಪೀಕರಿನಲ್ಲಿ ಹೆಂಗಸೊಬ್ಬಳು ಬೀಸುವ ಪದ ಹಾಡುತ್ತಿದ್ದಳು. ಆ ದನಿ ಯಮನವ್ವನದೇ.

ಅವಳು ಗಂಡ ಭರಮಣ್ಣನ ತೋಳು ಹಿಡಿದು ಜಗ್ಗಿದಳು. ಕೂಗಲು ಬರುತ್ತಿರಲಿಲ್ಲ. ಹಿಂದಿನ ವರ್ಷ ಗಂಟಲಿನ ಆಪರೇಷನ್ ಆದ ಮೇಲೆ ಅವಳಿಗೆ ಉಳಿದದ್ದು ಪಿಸುಮಾತು ಮಾತ್ರ.

ಭರಮಣ್ಣ ಸಿ.ಡಿ.ಯ ಹೊದಿಕೆ ಇಸಿದುಕೊಂಡು ಓದಿದ. 'ಗಾಯಕಿ: ಚಂದ್ರಾಬಾಯಿ' ಎಂದಿತ್ತು. ಮೇಳ ಕಟ್ಟಿಕೊಂಡು ಊರೂರು ತಿರುಗಿ ಹಾಡುವ ಹೆಂಗಸು. ಫೋಟೋ ಕೂಡ ಅವಳದೇ.

ಅಷ್ಟರಲ್ಲಿ ಮುಂದಿನ ಹಾಡು ಶುರುವಾಯಿತು, ತೀರಾ ಸಣ್ಣ ದನಿಯಲ್ಲಿ. ಜೋಗುಳ. ತೀರಿಹೋದ ಮಗಳಿಗೆ ಹಾಡಿದ್ದು. ಯಮನವ್ವ ಅಂಗಡಿಯ ಕಟ್ಟೆಯ ಮೇಲೆ ಕುಸಿದು ಕೂತಳು.

* * *

ರುಬಿನಾ ಅದೇ ಹೊತ್ತಿಗೆ ಮನೆಯಲ್ಲಿ ಕಂಪ್ಯೂಟರಿನ ಜೊತೆ ಜಗಳವಾಡುತ್ತಿದ್ದಳು.

ಅದು ೨೦೦೬ರ ಬೇಸಿಗೆ. ರುಬಿನಾ ಜತ್ತದ ಒಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದಳು. ರವಿವಾರ ಬಂತೆಂದರೆ ಜೊತೆಗೇ ಇದ್ದ ತಮ್ಮ ಇಮಾಮನ ಬೈಕ್ ಹತ್ತಿ ಹಳ್ಳಿಗಳಿಗೆ ಹೋಗಿ ಹೆಂಗಸರ ಹಾಡು ರೆಕಾರ್ಡ್ ಮಾಡುತ್ತಿದ್ದಳು. ಇಮಾಮ ಮೈಕ್‌ಸೆಟ್ ಇಟ್ಟುಕೊಂಡಿದ್ದ. ತಾಲೂಕಿನ ಮದುವೆ, ಸಭೆ, ಮೇಳ ಎಲ್ಲಕ್ಕೂ ಅವನದೇ ಸ್ಪೀಕರು. ಇಬ್ಬರೂ ಸೇರಿ ಕೂಡಿಸಿದ ಹಾಡುಗಳು ಕಂಪ್ಯೂಟರಿನಲ್ಲಿ ತುಂಬಿದ್ದವು. ಯಮನವ್ವ ಆಪರೇಷನ್ನಿಗೆ ಮೊದಲು ಹಾಡಿದವೂ ಅದರಲ್ಲಿದ್ದವು.

ಕಿರಿಕಿರಿಯೆಂದರೆ ಅವುಗಳ ಸದ್ದು. ಒಂದು ಹಾಡು ಕಿವಿ ಹರಿಯುವಷ್ಟು ಜೋರು, ಇನ್ನೊಂದು ಕೇಳಿಸುವುದೇ ಇಲ್ಲ. ಇದಕ್ಕೊಂದು ಸಾಫ್ಟ್‌ವೇರ್ ಇತ್ತು. ಅದು ಪ್ರತಿ ಹಾಡಿನ ಸದ್ದು ಅಳೆದು, ಫೈಲಿನೊಳಗೆ ಒಂದು ಅಂಕಿ ಅಡಗಿಸಿಡುತ್ತಿತ್ತು. ಇದನ್ನು ಇಷ್ಟು ಇಳಿಸಿ ನುಡಿಸು, ಅದನ್ನು ಅಷ್ಟು ಏರಿಸಿ ನುಡಿಸು ಎಂಬ ಗುಟ್ಟಿನ ಸೂಚನೆ. ಟ್ಯಾಗ್ ಅಂತ ಅದರ ಹೆಸರು. ಹಾಡು ಇದ್ದಂತೆಯೇ ಇರುತ್ತದೆ, ನುಡಿಸುವ ಯಂತ್ರ ಟ್ಯಾಗ್ ಓದಿ ಸದ್ದು ಹೊಂದಿಸುತ್ತದೆ. ರುಬಿನಾ ಅವಸರದಲ್ಲಿ ಎರಡು ಬೇರೆ ಸಾಫ್ಟ್‌ವೇರ್ ಬಳಸಿದ್ದಳು. ಒಂದರ ಮೇಲೊಂದು ಟ್ಯಾಗ್ ಕೂತು ಎಲ್ಲ ಗೊಂದಲವಾಗಿತ್ತು. ಒಂದೊಂದೇ ಫೈಲು ತೆರೆದು ತಪ್ಪು ಟ್ಯಾಗ್ ಅಳಿಸುವಷ್ಟರಲ್ಲಿ ಅವಳ ರಜೆಯೇ ಮುಗಿಯುತ್ತ ಬಂದಿತ್ತು.

ಬಾಗಿಲಲ್ಲಿ ಭರಮಣ್ಣ ನಿಂತಿದ್ದ. ಹಿಂದೆ ಯಮನವ್ವ.

"ಬರ್ರಿ, ಕುಂದ್ರಿ."

"ಕುಂದ್ರಾಕ ಬಂದಿಲ್ರಿ ಬಾಯಾರ." ಭರಮಣ್ಣ ಸಿ.ಡಿ. ಮೇಜಿನ ಮೇಲಿಟ್ಟ. "ಜೋಗುಳ ಸಂತ್ಯಾಗ ಹಚ್ಚೂದಿಲ್ಲ ಅಂತ ಮಾತು ಕೊಟ್ಟಿದ್ರಿ. ಅಕಿ ಹಾಡಿದ್ದು ಸತ್ತ ಮಗಳ ಸಲುವಾಗಿ."

"ನಾ ಯಾರಿಗೂ ಮಾರಿಲ್ರಿ."

"ಮತ್ತ ಹ್ಯಾಂಗ ಹೋತು? ಇಕಿ ಈಗ ಹಾಡಿ ತೋರಸಾಕ ಬರೂದಿಲ್ಲ. ಚಂದ್ರಾಬಾಯಿ ತನ್ನ ದನಿ ಅಂದ್ರ ಜನ ನಂಬ್ತಾರ."

ಯಮನವ್ವ ರುಬಿನಾಳ ಮುಖವನ್ನೇ ನೋಡಿದಳು. ಆ ನೋಟ ಬೈಗುಳಕ್ಕಿಂತ ಕೆಟ್ಟದಾಗಿತ್ತು.

* * *

ಪೊಲೀಸ್ ಠಾಣೆಯಲ್ಲಿ ಹವಾಲ್ದಾರ ರುಬಿನಾಳ ತಕ್ರಾರು ಕೇಳಿ ಪೆನ್ನು ಕೆಳಗಿಟ್ಟ.

"ಹಾಡು ಕಳವು ಆಗ್ಯಾವು ಅಂತೀರಿ. ಈಗ ನಿಮ್ಮ ಕಂಪ್ಯೂಟರದಾಗ ಅದಾವೋ ಇಲ್ಲೋ?"

"ಅದಾವ್ರಿ."

"ಮತ್ತ ಕಳವು ಹ್ಯಾಂಗ ಆತ್ರಿ ಮೇಡಂ?"

ರುಬಿನಾ ಎದ್ದು ಬಂದಳು. ಇವರಿಗೆ ತಿಳಿಸಿ ಹೇಳುವಷ್ಟರಲ್ಲಿ ಮಳೆಗಾಲ ಬರುತ್ತದೆ ಅನ್ನಿಸಿತು. ತಾನೇ ಹುಡುಕಬೇಕು.

ಯಮನವ್ವನ ಹಾಡುಗಳನ್ನು ಅವಳು ಹೊರಗೆ ಕೊಟ್ಟದ್ದು ಇಬ್ಬರಿಗೆ. ಒಬ್ಬ ಉಮದಿಯಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಚಿಕ್ಕಪ್ಪನ ಮಗ ಸೈಫ. ಅವನು ಸಂಕ್ರಾಂತಿಯ ಹೊತ್ತಿಗೇ ಕೇಳಿ ಒಯ್ದಿದ್ದ. ಇನ್ನೊಬ್ಬರು ಕಲಾ ಮಂಡಳಿಯ ಅಧ್ಯಕ್ಷ ಸೋಮನಿಂಗಪ್ಪ. ಚಂದ್ರಾಬಾಯಿಯ ಕಾರ್ಯಕ್ರಮ ಏರ್ಪಡಿಸುವವರೂ ಅವರೇ. ಅವರಿಗೆ ಕೊಟ್ಟು ಇನ್ನೂ ಹೆಚ್ಚು ದಿನ ಆಗಿರಲಿಲ್ಲ.

"ಅಧ್ಯಕ್ಷರದೇ ಕೆಲಸ," ಅಂದ ಇಮಾಮ. "ಬಿಟ್ಟುಬಿಡು ಆಪಾ. ದೊಡ್ಡ ಮಂದಿ."

ಸೋಮನಿಂಗಪ್ಪ ಸಿಟ್ಟಾಗಲಿಲ್ಲ. ಅದು ಇನ್ನಷ್ಟು ಕಿರಿಕಿರಿ ಮಾಡಿತು. "ನೀವು ಕೊಟ್ಟ ಸಿ.ಡಿ. ಇಲ್ಲೇ ಐತಿ ನೋಡ್ರಿ. ಇನ್ನೂ ಕೇಳೇ ಇಲ್ಲ ನಾ," ಅಂದರು. ನಿಜವೋ ಸುಳ್ಳೋ, ಗೊತ್ತು ಮಾಡುವುದು ಹೇಗೆ?

ಸೈಫ ಮಾತ್ರ ಸಿಡಿದ. "ಯಮನವ್ವನ ಹಾಡು ಕೇಳಿದವರಿಗೆ ಮೊಬೈಲಿಗೆ ಹಾಕಿ ಕೊಟ್ಟೀನಿ, ಖರೇ. ಅಕಿ ಹೆಸರು ಹೇಳೇ ಕೊಟ್ಟೀನಿ. ಜೋಗುಳ ಒಂದೂ ಕೊಟ್ಟಿಲ್ಲ. ನನಗೇನು ಮಕ್ಕಳಿಲ್ಲೇನು?"

ಅವನ ಕಂಪ್ಯೂಟರಿನಲ್ಲಿದ್ದ ಜೋಗುಳದ ಫೈಲನ್ನು ಪೆನ್ ಡ್ರೈವಿಗೆ ಹಾಕಿಕೊಂಡು ರುಬಿನಾ ಜತ್ತಕ್ಕೆ ಮರಳಿದಳು. ಬಸ್ಸಿನಲ್ಲಿ ಹಣೆ ಕಿಟಕಿಗೆ ಬಡಿಯುತ್ತಿತ್ತು. ಕದ್ದವರ ಸುಳಿವು ಮಾತ್ರ ಸಿಕ್ಕಿರಲಿಲ್ಲ.

* * *

ಮರುದಿನ ಬೆಳಿಗ್ಗೆ ಅವಳು ಚಂದ್ರಾಬಾಯಿಯ ಸಿ.ಡಿ.ಯನ್ನು ಪ್ಲೇಯರಿಗೆ ಹಾಕಿ ಕೂತಳು. ಬೀಸುವ ಪದ ಸ್ಪಷ್ಟವಾಗಿ ಬಂತು. ಅದಾದ ಮೇಲೆ ಜೋಗುಳ. ಏನೂ ಕೇಳಿಸಲಿಲ್ಲ. ಸದ್ದು ಏರಿಸಿದಳು. ದೂರದ ಓಣಿಯಲ್ಲಿ ಯಾರೋ ಹಾಡಿದಂತೆ ಬಂತು.

"ಥೂ, ಇದನ್ನ ಸರಿ ಮಾಡಿದ್ದೆನಲ್ಲ," ಎಂದು ಗೊಣಗಿದಳು.

ಅಂದವಳೇ ಪೆನ್ ಡ್ರೈವ್ ಎತ್ತಿಕೊಂಡಳು.

ಸೈಫನ ಫೈಲು ಹಾಕಿ ಕೇಳಿದಳು. ಮತ್ತೆ ಸಿ.ಡಿ. ಕೇಳಿದಳು. ಕೊನೆಗೆ ಸೋಮನಿಂಗಪ್ಪನವರ ಮನೆಗೆ ಹೋಗಿ ಅವರ ಪ್ರತಿಯನ್ನೂ ಕೇಳಿ ಬಂದಳು. ಭರಮಣ್ಣನ ಊರು ಬೆಳುಂಕಿಗೆ ಹೋಗುವವರ ಕೈಯಲ್ಲಿ ಅವನಿಗೆ ಹೇಳಿ ಕಳಿಸಿದಳು. ಅಂದು ಊಟ ಮಾಡಲಿಲ್ಲ.

* * *

ಭರಮಣ್ಣ, ಯಮನವ್ವ ಬಂದು ಕೂತರು. ಇಮಾಮ ಮೂಲೆಯಲ್ಲಿ ವೈರು ಸುತ್ತುತ್ತಿದ್ದ.

"ನೆನಪೈತ್ಯಾ ಭರಮಣ್ಣ?" ಅಂದಳು ರುಬಿನಾ. " ಜೋಗುಳ ಹಾಡೂಕಿಂತ ಮೊದಲ ನೀವು ಡೊಳ್ಳು ಬಾರಸ್ತಿದ್ರಿ. ಮೈಕ್ ಚಾಲೂ ಇತ್ತು. ಅದೂ ಫೈಲಿನ್ಯಾಗ ಬಂತು."

"ಹೌದ್ರಿ."

"ಸೈಫಗ ಕೊಟ್ಟಾಗ ಡೊಳ್ಳು ಹಂಗ ಇತ್ತು. ಟ್ಯಾಗ್ ಇರಲಿಲ್ಲ. ಆಮ್ಯಾಲ ನಾ ಸಾಫ್ಟ್‌ವೇರ್ ಹಚ್ಚಿದೆ. ಅದು ಡೊಳ್ಳಿನ ಸಪ್ಪಳ ಅಳದು, ಇದು ಭಾಳ ಜೋರ ಐತಿ, ಇಳಸು ಅಂತ ಟ್ಯಾಗ್ ಹಾಕ್ತು. ಮರುದಿನ ನಾ ಡೊಳ್ಳು ಕತ್ತರಿಸಿ ತಗದೆ. ಟ್ಯಾಗ್ ಮಾತ್ರ ಹಂಗೇ ಉಳೀತು. ಡೊಳ್ಳಿಗೆ ಹಾಕಿದ ಅಂಕಿ ಜೋಗುಳದ ಮ್ಯಾಲ ಕೂತು, ಹಾಡು ಕೇಳಸಲಾರದಂಗ ಆತು."

"ಅದಕ್ಕೂ ಕಳವಿಗೂ ಏನ್ರಿ?"

"ಚಂದ್ರಾಬಾಯಿ ಸಿ.ಡಿ.ಯಾಗ ಡೊಳ್ಳಿಲ್ಲ. ಅಂದ್ರ ಸೈಫನ ಕಾಪಿ ಅಲ್ಲ. ಅವನ ಕಾಪಿ ಯಾರರೆ ಕತ್ತರಿಸಿದ್ರೂ ದನಿ ಜೋರ ಇರತಿತ್ತು. ಅದೂ ಅಲ್ದ, ನಾ ಅವಸರದಾಗ ಕತ್ತರಿಸಿ ಮೊದಲಿನ 'ಜೋ' ಅರ್ಧ ಹೋಗ್ಯದ. ಸಿ.ಡಿ.ಯಾಗೂ ಅಷ್ಟೇ ಹೋಗ್ಯದ. ಕತ್ತರಿ ನಂದೇ."

"ಅಧ್ಯಕ್ಷರು?"

"ಅವರಿಗೆ ಕೊಟ್ಟಿದ್ದು ಟ್ಯಾಗ್ ಸರಿ ಮಾಡಿದ ಮ್ಯಾಲ. ಅದರಾಗ ಜೋಗುಳ ಸರಿಯಾಗಿ ಕೇಳಸ್ತದ. ಈ ಸಿ.ಡಿ.ಯಾಗ ಸಣ್ಣಾಗ್ಯದ. ಸಿ.ಡಿ. ಬರಿಯೂ ಸಾಫ್ಟ್‌ವೇರ್ ಆ ತಪ್ಪು ಟ್ಯಾಗ್ ಓದಿ, ಹಾಡಿನ ದನಿನೇ ಇಳಿಸಿ ಬರದೈತಿ. ಅಂದ್ರ ಡೊಳ್ಳು ಕತ್ತರಿಸಿದ ಮ್ಯಾಲ, ಟ್ಯಾಗ್ ಅಳಸೂಕಿಂತ ಮೊದಲ ಇದು ಹೋಗಿರಬೇಕು. ಆ ನಡುವಿನ ದಿನದಾಗ ನಾ ಪರೀಕ್ಷಾ ಪೇಪರ್ ತಪಾಸಣಿಗೆ ಸಾಂಗ್ಲಿಗೆ ಹೋಗಿದ್ದೆ. ಹೊರಗಿನವರಿಗೆ ಯಾರಿಗೂ ಕೊಟ್ಟಿಲ್ಲ. ಮನಿಯಾಗ ಇದ್ದಾಂವ ಒಬ್ಬನ."

ವೈರು ಸುತ್ತುವ ಕೈ ನಿಂತಿತು.

ಭರಮಣ್ಣ ತಿರುಗಿ ನೋಡಿದ. ಇಮಾಮ ತಲೆ ಎತ್ತಲಿಲ್ಲ.

"ಚಂದ್ರಾಬಾಯಿ ದನಿ ಒಡದೈತಿ," ಅಂದ ಕೊನೆಗೆ. "ಸಿ.ಡಿ. ಇಲ್ಲಂದ್ರ ಯಾರೂ ಮ್ಯಾಳ ಕರಿಯೂದಿಲ್ಲ ಅಂದ್ಲು. ಮ್ಯಾಳ ನಿಂತ್ರ ನನ್ನ ಮೈಕ್‌ಸೆಟ್ಟೂ ನಿಂತಂಗ. ಈ ಕಂಪ್ಯೂಟರದಾಗ ಕುಂತು ಸಿ.ಡಿ. ಬರದು ಕೊಟ್ಟೆ. ಫೋಲ್ಡರ್ ಪೂರಾ ಎತ್ತಿ ಹಾಕಿದೆ. ಜೋಗುಳ ಅದರಾಗಿತ್ತಂತ ನೋಡಲಿಲ್ಲ."

"ಕೇಳಲೂ ಇಲ್ಲ," ಅಂದಳು ರುಬಿನಾ. "ಒಂದು ಸಲ ಕೇಳಿದ್ರ ಗೊತ್ತಾಗ್ತಿತ್ತು." ಅವಳು ಭರಮಣ್ಣನ ಕಡೆ ತಿರುಗಿದಳು. "ನೀವು ಅಂದಿದ್ದು ಖರೇ ಆತ್ರಿ. ಹಾಡು ನಮ್ಮ ಮನಿಯಿಂದನ ಹೋಗ್ಯಾವು."

ಭರಮಣ್ಣನ ಮುಷ್ಟಿ ಬಿಗಿಯಿತು. ಯಮನವ್ವ ಅವನ ಮೊಣಕೈ ಮುಟ್ಟಿದಳು. ಆಮೇಲೆ ಇಮಾಮನನ್ನು ಹತ್ತಿರ ಕರೆದಳು. ಅವಳ ಪಿಸುಮಾತು ಕೇಳಲು ಅವನು ಬಗ್ಗಬೇಕಾಯಿತು.

"ಉಳಿದ ಹಾಡಿಗೆ ನನ್ನ ಹೆಸರ ಹಾಕ್ಸು. ಅಂಗಡಿ ಅಂಗಡಿಗೆ ಹೋಗಿ ಈ ಸಿ.ಡಿ. ತಿರುಗಿ ಇಸ್ಗೊ. ಯಾಕಂತ ಕೇಳಿದ್ರ, ಖರೇ ಹೇಳು."

ಇಮಾಮ ತಲೆ ಆಡಿಸಿದ. ಎಷ್ಟು ಸಿ.ಡಿ. ಮನೆ ಸೇರಿದ್ದವೋ, ಎಷ್ಟು ಜನ ಕಾಪಿ ಮಾಡಿಕೊಂಡಿದ್ದರೋ ಯಾರಿಗೂ ಗೊತ್ತಿರಲಿಲ್ಲ. ಎಲ್ಲವೂ ಮರಳಿ ಬರುವುದಿಲ್ಲ ಎಂಬುದು ಮಾತ್ರ ಕೋಣೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಯಮನವ್ವ ಎದ್ದು ಕಂಪ್ಯೂಟರಿನ ಹತ್ತಿರ ಹೋದಳು. "ಜೋಗುಳ ಇದರಾಗ ಐತ್ಯಾ?"

"ಐತ್ರಿ."

"ಅಳಸು. ಮಂದಿಗೆ ಕೊಟ್ಟದ್ದೂ ಅಳಸು."

"ಬ್ಯಾಡ," ಅಂದ ಭರಮಣ್ಣ. "ಆ ಹಾಡಿನ್ಯಾಗಿನ ನಿನ್ನ ದನಿ ಮತ್ತ ಸಿಗೂದಿಲ್ಲ."

"ಒಂದ್ಸಲ ಕೇಳ್ರಿ," ಅಂದಳು ರುಬಿನಾ. "ಆಮ್ಯಾಲ ಹೇಳ್ರಿ."

ಯಮನವ್ವ ತಲೆ ಅಲ್ಲಾಡಿಸಿದಳು. "ನನಗ ಬರತದ ಅದು."

ಭರಮಣ್ಣ ಎದ್ದು ಹೊರಗೆ ಹೋದ. ರುಬಿನಾ ಫೈಲಿನ ಹೆಸರಿನ ಮೇಲೆ ಮೌಸ್ ತಂದು ತಡೆದು, ಮತ್ತೊಮ್ಮೆ ಯಮನವ್ವನ ಮುಖ ನೋಡಿದಳು. ಆ ಮುಖ ಬದಲಾಗಲಿಲ್ಲ. ಖಂಡಿತವೇ ಎಂದು ಕಂಪ್ಯೂಟರೂ ಒಮ್ಮೆ ಕೇಳಿತು. ಅವಳು ಗುಂಡಿ ಒತ್ತಿದಳು.