ಬೀದಿಗೆ ಯಾರ ಹೆಸರು?

"ಬಾವಿ ತೋಡಿಸ್ದೋರು ದೊಡ್ಡೋರೊ, ಬೆತ್ತ ಇಡ್ಕಂಡು ಕುಂತಿದ್ದೋರು ದೊಡ್ಡೋರೊ? ನೀವೇ ಯೋಳಿ ಮೆಂಬರ್ರೆ!"

ಸದಾಶಿವಪ್ಪ ತಾತನ ದನಿ ಬೀದಿಯ ಕೊನೆಯವರೆಗೂ ಕೇಳಿಸಿತು. ಎದುರು ಮನೆಯ ಜಗಲಿ ಮೇಲೆ ನಿಂತಿದ್ದ ವೃಷಭೇಂದ್ರಪ್ಪ ತಾತ ಏನು ಕಮ್ಮಿಯೇ? ಅವರೂ ಹೆಗಲ ಮೇಲಿನ ಟವೆಲ್ಲು ಕೊಡವಿ ಶುರು ಮಾಡಿದರು.

"ನೀರು ಕುಡುದ್ರೆ ಒಂದೊತ್ತಿನ ಬಾಯಾರ್ಕೆ ಓಯ್ತದೆ ಅಷ್ಟೆ. ಅಕ್ಸರ ಕಲ್ತ್ರೆ ಜಲ್ಮವೇ ಬದಲಾಯ್ತದೆ. ನಮ್ಮಪ್ಪಾರು ಇದೇ ಜಗಲಿ ಮೇಲೆ ಕುಂತು ಊರ್ ಮಕ್ಳಿಗೆಲ್ಲ ಪಾಟ ಯೋಳ್ಕೊಟ್ರು ಕಣ್ರಿ!"

ನಡುಬೀದಿಯಲ್ಲಿ ಪಂಚಾಯ್ತಿ ಬೋರ್ಡ್ ಮೆಂಬರ್ ಪುಟ್ಟಬಸಪ್ಪನವರು ಸೈಕಲ್ ಹಿಡಿದುಕೊಂಡು ನಿಂತಿದ್ದರು. ಆ ಜಗಲಿಗೊಮ್ಮೆ ಈ ಜಗಲಿಗೊಮ್ಮೆ ತಿರುಗಿ ತಿರುಗಿ ಅವರ ಕತ್ತು ಉಳುಕುವುದೊಂದು ಬಾಕಿ.

ಕೊಳ್ಳೇಗಾಲದ ಊರಾಚೆಗೆ ಎರಡು ತಲೆಮಾರಿನಿಂದ ಬೆಳೆದುಬಂದ ಬಡಾವಣೆ ಅದು. ಆಗ ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಕೊಯಮತ್ತೂರಿನಿಂದ ಕಲೆಕ್ಟರು ಊರು ನೋಡಲು ಬರುತ್ತಾರಂತೆ. ಅಷ್ಟರಲ್ಲಿ ಬೀದಿಬೀದಿಗೂ ಹೆಸರಿನ ಹಲಗೆ ಏಳಬೇಕು ಎಂದು ಹುಕುಂ ಆಗಿತ್ತು. ಆಯಾ ಬೀದಿಯಲ್ಲಿ ಬಾಳಿ ಹೋದ ದೊಡ್ಡ ಮನುಷ್ಯರ ಹೆಸರನ್ನೇ ಇಡುವುದು ಎಂದು ಮೆಂಬರುಗಳು ಮಾತಾಡಿಕೊಂಡಿದ್ದರು.

ಮೊದಲನೇ ಬೀದಿಗೆ ಪೈಲ್ವಾನ್ ಚಿಕ್ಕಮಾದಪ್ಪನವರ ಹೆಸರು ಬಂತು. ಎರಡನೇ ಬೀದಿಯವರು ಸ್ವಾತಂತ್ರ್ಯದ ಗಲಾಟೆಯಲ್ಲಿ ಜೈಲಿಗೆ ಹೋಗಿದ್ದವರೊಬ್ಬರ ಹೆಸರು ಹೇಳಿದರು. ಅಲ್ಲೆಲ್ಲ ತಕರಾರಿಲ್ಲ. ತಕರಾರು ಬಂದದ್ದು ಈ ಮೂರನೇ ಬೀದಿಯಲ್ಲೇ. ಇಲ್ಲಿ ದೊಡ್ಡ ಮನುಷ್ಯರು ಇಬ್ಬರಿದ್ದರು!

"ನೋಡಿ ಸ್ವಾಮಿ," ಮೆಂಬರ್ರು ಕೈ ಮುಗಿದರು. "ಶನಿವಾರ ಮದ್ಯಾನ್ನ ಪೇಂಟರ್ ಬತ್ತಾನೆ. ಎರಡು ಮನೆಯೋರೂ ಒಪ್ಕಂಡು ಒಂದೆಸ್ರು ಯೋಳ್ಬುಡಿ. ಇಲ್ಲಾಂದ್ರೆ ಮೂರ್ನೇ ಬೀದಿ ಅಂತ್ಲೇ ಬರ್ಸ್ಬುಡ್ತೀನಿ. ಆಮ್ಯಾಕೆ ನನ್ನ ಬಯ್ಬ್ಯಾಡಿ."

ಅಷ್ಟು ಹೇಳಿ ಸೈಕಲ್ ಹತ್ತಿದವರು ತಿರುಗಿ ನೋಡಲಿಲ್ಲ.

ಬಾಗಿಲ ಸಂದಿಯಲ್ಲಿ ನಿಂತು ರತ್ನಿ ಎಲ್ಲ ಕೇಳಿಸಿಕೊಂಡಳು. ಅವಳು ಸದಾಶಿವಪ್ಪ ತಾತನ ಮೊಮ್ಮಗಳು, ಐದನೇ ಕ್ಲಾಸು. ಅವಳ ಎದೆ ಢವಢವ ಎನ್ನುತ್ತಿತ್ತು. ಏಕೆಂದರೆ ಅವಳು ಆಗಲೇ ಕ್ಲಾಸಿನಲ್ಲಿ ಎಲ್ಲರ ಮುಂದೆ ಹೇಳಿಬಿಟ್ಟಿದ್ದಳು, "ನಮ್ಮ ಬೀದಿಗೆ ನಮ್ಮ ಮುತ್ತಾತನ ಹೆಸರೇ ಬರೋದು. ದೊಡ್ಡಮಾದಪ್ಪನವರ ಬೀದಿ!" ಸ್ಕೂಲಿಗೆ ಹೋಗುವಾಗೊಂದು ಸಲ, ಬರುವಾಗೊಂದು ಸಲ ಆ ಹಲಗೆಯನ್ನು ಗಟ್ಟಿಯಾಗಿ ಓದಬೇಕು ಅಂತ ಅವಳಿಗೆ ಆಸೆ. ದಿನಾ ಓದಬೇಕು. ದೊಡ್ಡವಳಾದ ಮೇಲೂ ಓದಬೇಕು.

ಅವತ್ತು ರಾಗಿ ಬೀಸುತ್ತಾ ಕೂತಿದ್ದ ಅಜ್ಜಿಯ ಪಕ್ಕ ಹೋಗಿ ಕೂತಳು.

"ಅಜ್ಜಿ, ಮುತ್ತಾತ ಒಬ್ರೇ ಬಾವಿ ತೋಡುದ್ರಾ?"

ದೊಡ್ಡಬಸಮ್ಮಜ್ಜಿ ಬೀಸುವುದನ್ನು ನಿಲ್ಲಿಸಿ ನಕ್ಕರು. "ನಿಮ್ ಮುತ್ತಾತ ಎಲ್ಲಮ್ಮಿ ತೋಡುದ್ರು? ತೋಡ್ದೋರು ಬೀದಿಯೋರೆಲ್ಲ. ನಿಮ್ ಮುತ್ತಾತ ದಡದಲ್ಲಿ ನಿಂತ್ಕಂಡು ಕೂಗೋರು. ಅಲ್ಲಿ ಅಗೀರ್ಲಾ, ಇಲ್ಲಿ ಅಗೀರ್ಲಾ ಅಂತವ. ನಾನಾಗ ಒಸಾ ಸೊಸೆ. ಅವ್ರ್ ಕೂಗಿಗೆ ಎದ್ರಿ ನೀರೇ ಮ್ಯಾಕೆ ಬಂದ್ಬುಡ್ತೇನೋ ಅಂದ್ಕಂಡಿದ್ದೆ."

ರತ್ನಿಗೆ ಮುಖ ಸಪ್ಪಗಾಯಿತು. "ಹಂಗಾದ್ರೆ ಅವ್ರು ದೊಡ್ ಮನುಷ್ರಲ್ವಾ?"

"ಯಾರು ಅಲ್ಲ ಅಂದೋರು? ದಿನಾ ಬಂದು ಕೂಗ್ದೆ ಇದ್ದಿದ್ರೆ ಬಾವಿ ಅರ್ಧಕ್ಕೇ ನಿಂತೋಗದು." ಅಜ್ಜಿ ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ರಾಗಿ ಹಾಕಿದರು. "ಎದುರು ಮನೆ ಗುರುಪಾದಸ್ವಾಮಿ ಅಯ್ನೋರೂ ಹಂಗೇಯ. ಪಾಟನೂ ಯೋಳ್ಕೊಟ್ರು, ಬೆನ್ನೂ ಮುರುದ್ರು."

ಆ ಕೊನೆಯ ಮಾತನ್ನು ಮಾತ್ರ ರತ್ನಿ ಭದ್ರವಾಗಿ ಗಂಟು ಕಟ್ಟಿಕೊಂಡಳು.

ಎದುರು ಮನೆಯ ರಾಚಿ ಅವಳ ಗೆಳತಿ. ಇಬ್ಬರದೂ ಒಂದೇ ಕ್ಲಾಸು, ಒಂದೇ ಬೆಂಚು. ಮಾರನೇ ದಿನ ಕ್ಲಾಸಿನಲ್ಲಿ ರಾಚಿ ಮೆಲ್ಲಗೆ, "ನಮ್ ಮುತ್ತಾತನ್ ಎಸ್ರೇ ಬರೋದಂತೆ ಕಣಮ್ಮಿ. ನಮ್ ತಾತ ಯೋಳ್ತು" ಅಂದಳು.

"ನಿಮ್ ಮುತ್ತಾತ ಏನ್ ಮಾಡವ್ರೆ? ಬರೀ ಮಕ್ಳಿಗೆ ಒಡೀತಿದ್ರಂತೆ!" ಎಂದು ರತ್ನಿ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

ಹುಡುಗರು ಗೊಳ್ಳೆಂದು ನಕ್ಕರು. ರಾಚಿ ಸ್ಲೇಟು ಚೀಲ ಎತ್ತಿಕೊಂಡು ಹಿಂದಿನ ಬೆಂಚಿಗೆ ಹೋದಳು. ಗೆದ್ದೆ ಅಂತ ರತ್ನಿಗೆ ಅನ್ನಿಸಿತು. ಆದರೆ ಊಟದ ಬೆಲ್ ಹೊಡೆದಾಗ ಪಕ್ಕದ ಜಾಗ ಖಾಲಿ ಇತ್ತು. ಗೆದ್ದದ್ದನ್ನು ಹೇಳಿಕೊಳ್ಳೋಣ ಎಂದರೆ ಯಾರೂ ಇರಲಿಲ್ಲ.

ಮನೆಗಳಲ್ಲೂ ಅದೇ ಪಾಡು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. "ಆ ಮನೆ ಒಸ್ಲು ತುಳುದ್ರೆ ನೋಡು" ಎಂದು ತಾತ ರತ್ನಿಗೆ ಹೇಳಿದ್ದರು. ಅಲ್ಲೂ ರಾಚಿಗೆ ಅದೇ ಮಾತು ಬಿದ್ದಿರಬೇಕು.

ಎರಡು ಮನೆಯವರೂ ರೇಷ್ಮೆ ಹುಳ ಸಾಕುತ್ತಿದ್ದರು. ಒಬ್ಬರ ಬೆಳೆ ಮುಗಿದ ಮೇಲೆ ಇನ್ನೊಬ್ಬರದು ಬರುವ ಹಾಗೆ ನೋಡಿಕೊಳ್ಳುತ್ತಿದ್ದರು. ಅದಕ್ಕೊಂದು ಕಾರಣವಿತ್ತು. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳಗಳು ಸೊಪ್ಪು ತಿಂದೂ ತಿಂದೂ ಒಂದು ದಿನ ತಿನ್ನುವುದನ್ನೇ ಬಿಟ್ಟುಬಿಡುತ್ತವೆ. ಮೈ ಹಳದಿಯಾಗುತ್ತದೆ, ತಲೆ ಎತ್ತಿ ಅತ್ತ ಇತ್ತ ಆಡಿಸುತ್ತವೆ. ಹುಳ ಹಣ್ಣಾಯಿತು ಅಂತ ಆಗ ಹೇಳುತ್ತಾರೆ. ಹಣ್ಣಾದ ಹುಳಗಳನ್ನು ಒಂದೊಂದಾಗಿ ಆಯ್ದು ಚಂದ್ರಂಕಿ ಎನ್ನುವ ಬಿದಿರಿನ ಸುರುಳಿ ತಟ್ಟೆಗೆ ಬಿಡಬೇಕು. ತಡ ಮಾಡಿದರೆ ಸೊಪ್ಪಿನ ಕಸದಲ್ಲೇ ಗೂಡು ಕಟ್ಟಿ ಎಲ್ಲ ಹಾಳಾಗುತ್ತದೆ. ಅವತ್ತು ಎಷ್ಟು ಕೈ ಇದ್ದರೂ ಸಾಲದು. ಹಾಗಾಗಿ ಇವರ ಮನೆಗೆ ಅವರು, ಅವರ ಮನೆಗೆ ಇವರು ಮುಯ್ಯಾಳಾಗಿ ಹೋಗುತ್ತಿದ್ದರು. ಹೋದ ಸಲ ರತ್ನಿಯ ಮನೆ ಹುಳಕ್ಕೆ ರಾಚಿಯ ಮನೆಯವರೆಲ್ಲ ಬಂದು ದುಡಿದಿದ್ದರು.

ಶನಿವಾರ ಬಂತು. ಅರ್ಧ ದಿನದ ಸ್ಕೂಲು ಮುಗಿಸಿ ರತ್ನಿ ಓಡಿ ಬಂದಾಗ ತಾತ ಜಗಲಿ ಮೇಲೆ ಕೂತಿದ್ದರು. ಒಗೆದ ಪಂಚೆ, ಹಣೆ ತುಂಬ ವಿಭೂತಿ, ದವಡೆಯಲ್ಲಿ ಹೊಗೆಸೊಪ್ಪು. ಪೇಂಟರ್ ಬಂದರೆ ತಾವೇ ಮೊದಲು ಮಾತಾಡಬೇಕು ಎಂದು ಕಾದಿದ್ದರು. ಎದುರು ಜಗಲಿ ಖಾಲಿ ಇತ್ತು.

"ತಾತ, ಆ ತಾತ ಇಲ್ವಲ್ಲ! ಹಂಗಾದ್ರೆ ನಮ್ದೇ ಎಸ್ರು!" ಎಂದಳು ರತ್ನಿ.

ತಾತ ಮೀಸೆಯಲ್ಲೇ ನಕ್ಕರು.

ಅಷ್ಟರಲ್ಲಿ ಎದುರು ಬಾಗಿಲು ತೆರೆಯಿತು. ಅವತ್ತು ಸ್ಕೂಲಿಗೆ ಬಂದಿರದ ರಾಚಿ ಹೊರಗೆ ಬಂದಳು. ಮುಖವೆಲ್ಲ ಬೆವರು, ತಲೆಯಲ್ಲಿ ಸೊಪ್ಪಿನ ಚೂರು. ಹೊಸ್ತಿಲ ಮೇಲೆ ನಿಂತು ಇವರ ಮನೆ ಕಡೆ ನೋಡಿದಳು. ಮತ್ತೆ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಹಾಗೇ ನಿಂತಳು.

ಅಜ್ಜಿ ನಡುಮನೆಯಿಂದಲೇ ಹೇಳಿದರು. "ಅವ್ಳಪ್ಪ ಅವ್ವ ಮದ್ವೆಗೆ ಅಂತ ಬಂಡಳ್ಳಿಗೆ ಓಗವ್ರೆ. ನಾಳಿಕ್ಕೆ ಅಣ್ಣಾಯ್ತವೆ ಅಂದ್ಕಂಡಿದ್ರು. ಈ ಸೆಕೆಗೆ ಉಳ ಇವತ್ತೇ ಅಣ್ಣಾಗ್ಬುಟ್ಟಿರ್ಬೇಕು. ಒಳ್ಗೆ ಆ ಮುದುಕ, ಈ ಕೂಸು, ಇಬ್ರೇಯ."

ತಾತ ಕೇಳಿಸದವರಂತೆ ರಸ್ತೆ ಕಡೆ ನೋಡಿದರು. ಪೇಂಟರ್ ಇನ್ನೂ ಬಂದಿರಲಿಲ್ಲ.

ರತ್ನಿಗೆ ಕೂತಲ್ಲಿ ಕೂರಲಾಗಲಿಲ್ಲ. ಹೋಗೋಣ ಎಂದರೆ ತಾತನ ಮಾತು. ಅಲ್ಲದೆ ಪೇಂಟರ್ ಬರುವ ಹೊತ್ತು. ಈಗ ಎದ್ದು ಹೋದರೆ ಮುತ್ತಾತನ ಹೆಸರು?

ಆಗ ತಾತ ಎದ್ದರು. ಜಗಲಿಯ ಅಂಚಿಗೆ ಹೋಗಿ ಬಾಯಲ್ಲಿದ್ದ ಹೊಗೆಸೊಪ್ಪನ್ನು ಥೂ ಎಂದು ಉಗಿದರು. ಚೊಂಬಿನಿಂದ ನೀರು ತೆಗೆದು ಬಾಯಿ ಮುಕ್ಕಳಿಸಿದರು. ಕೈ ತಿಕ್ಕಿ ತಿಕ್ಕಿ ತೊಳೆದರು.

ರತ್ನಿ ಬೆರಗಾಗಿ ನೋಡಿದಳು. ಹೊಗೆಸೊಪ್ಪಿನ ವಾಸನೆ ಹುಳಕ್ಕೆ ವಿಷ. ಊಟಕ್ಕಲ್ಲದೆ ತಾತ ಅದನ್ನು ಉಗಿಯುವುದು ಹುಳದ ಕೋಣೆಗೆ ಹೋಗುವಾಗ ಮಾತ್ರ.

"ಏನ್ ನೋಡ್ತಾ ಕುಂತಿದ್ದೀಯೆ? ನಿಮ್ಮಜ್ಜಿನ ಕರಿ, ನಿಮ್ಮವ್ವನ್ನ ಕರಿ. ಉಳ ಕಾಯ್ತವಾ?" ಎಂದು ಗದರಿ, ಪಂಚೆ ಎತ್ತಿ ಕಟ್ಟಿ ತಾತ ಬೀದಿ ದಾಟಿದರು.

ಹುಳದ ಕೋಣೆಯಲ್ಲಿ ಸೆಕೆಯೋ ಸೆಕೆ. ತಟ್ಟೆ ತುಂಬ ಹಳದಿ ತಲೆಗಳು ಆಡುತ್ತಿದ್ದವು. ವೃಷಭೇಂದ್ರಪ್ಪ ತಾತ ನೆಲದ ಮೇಲೆ ಕೂತು ಒಂದೊಂದೇ ಹುಳ ಆಯುತ್ತಿದ್ದರು. ಇವರನ್ನೆಲ್ಲ ನೋಡಿ ಒಂದು ಗಳಿಗೆ ಕೈ ನಿಲ್ಲಿಸಿದರು. ಬನ್ನಿ ಅನ್ನಲಿಲ್ಲ. ತಟ್ಟೆಯನ್ನು ಸ್ವಲ್ಪ ಈಚೆಗೆ ತಳ್ಳಿದರು. ಸದಾಶಿವಪ್ಪ ತಾತ ಅದರ ಈ ಬದಿಗೆ ಕೂತರು. ಅಜ್ಜಿ, ಅವ್ವ ಇನ್ನೊಂದು ತಟ್ಟೆ ಹಿಡಿದರು. ರತ್ನಿ ರಾಚಿಯ ಎದುರು ಕೂತಳು.

ಎಷ್ಟೋ ಹೊತ್ತಾದ ಮೇಲೆ ಹೊರಗಿನಿಂದ ತಮಿಳು ಬೆರೆಸಿದ ಕೂಗು ಬಂತು. "ವೀಟ್ಲ ಯಾರು? ಮನೇಲಿ ಯಾರ್ರೀ? ಬೋರ್ಡ್ ಬರಿಯೋಕೆ ಬಂದಿದೀನಿ!"

ಅಜ್ಜಿ ರತ್ನಿಗೆ ಕಣ್ಣು ಮಾಡಿದರು. ಅವಳು ಎದ್ದು ಹೊರಗೆ ಹೋದಳು.

ಪೇಂಟರ್ ಬೀದಿಯ ಮೂಲೆಯಲ್ಲಿ ಏಣಿ ನಿಲ್ಲಿಸಿದ್ದ. ಕೈಯಲ್ಲಿ ಬಿಳಿ ಬಣ್ಣದ ಡಬ್ಬ, ಕಿವಿಯ ಮೇಲೆ ಬ್ರಶ್ಶು. ನೀಲಿ ಹಲಗೆ ಆಗಲೇ ಕಂಬ ಏರಿತ್ತು. ಅದರ ಮೇಲೆ ಇನ್ನೂ ಏನೂ ಇರಲಿಲ್ಲ.

"ಮನೆಯವರು ಎಲ್ಲಮ್ಮಾ?"

"ಎಲ್ರೂ ಒಳಗವ್ರೆ. ಉಳ ಆಯ್ತಾವ್ರೆ. ಈಗ ಬರಕ್ಕಾಗಲ್ಲ."

"ಅಯ್ಯೋ, ನನಗೆ ಇನ್ನೂ ನಾಲ್ಕು ಬೀದಿ ಇದೆ. ಎರಡು ಮನೆಯವರೂ ಒಂದೇ ಹೆಸರು ಹೇಳ್ತಾರೆ ಅಂದ್ರು ಮೆಂಬರ್. ಒಪ್ಪಿದ್ದಾರಾ? ಆ ಹೆಸರು ನೀನೇ ಸೊಲ್ಲಮ್ಮಾ, ಬರೆದುಬಿಡ್ತೀನಿ."

ಬೀದಿಯಲ್ಲಿ ಬೇರೆ ಯಾರೂ ಇರಲಿಲ್ಲ. ಒಂದೇ ಒಂದು ಮಾತು. ಹೇಳಿದರೆ ಸಾಕು, ಮುತ್ತಾತ ಆ ನೀಲಿ ಹಲಗೆ ಮೇಲೆ ಬಂದು ಕೂರುತ್ತಾರೆ. ಸೋಮವಾರ ಕ್ಲಾಸಿನವರನ್ನೆಲ್ಲ ಕರೆದುಕೊಂಡು ಬಂದು ತೋರಿಸಬಹುದು. ಹೆಸರು ರತ್ನಿಯ ನಾಲಿಗೆಯ ತುದಿಗೆ ಬಂದಿತ್ತು.

ಆಗ ಕಿಟಕಿಯಿಂದ ವೃಷಭೇಂದ್ರಪ್ಪ ತಾತನ ದನಿ ಕೇಳಿಸಿತು. "ಸದಾಶಿವಪ್ಪಾರೆ, ಆ ಚಂದ್ರಂಕಿ ಇತ್ಲಾಗೆ ಕೊಡಿ."

"ತಕಳಿ," ಎಂದಿತು ತಾತನ ದನಿ. "ಮೆತ್ತುಗ್ ಇಡ್ಕಳಿ, ಅಂಚು ಮುರುದದೆ."

ಅಷ್ಟೇ. ಇನ್ನೇನೂ ಇಲ್ಲ. ಆದರೂ ಆ ಮಾತು ಕೇಳಿ ರತ್ನಿಗೆ ಎದೆ ಹಗುರಾಯಿತು. ತಾನು ಹೆಸರು ಹೇಳಿಬಿಟ್ಟರೆ ಆ ಮಾತು ಮತ್ತೆ ನಿಂತುಹೋದೀತೆಂದು ಅದರ ಹಿಂದೆಯೇ ಭಯವೂ ಆಯಿತು.

"ಒಪ್ಪಿಲ್ಲ," ಎಂದಳು.

"ಆಮೇಲೆ ಬದಲಾಯಿಸಕ್ಕಾಗಲ್ಲ ನೋಡು. ಮೂರನೇ ಬೀದಿ ಅಂತಲೇ ಬರೀಲಾ?"

ಅವಳು ಖಾಲಿ ಹಲಗೆಯನ್ನೊಮ್ಮೆ ನೋಡಿದಳು. ಅಳುವೇ ಬಂದುಬಿಡುತ್ತದೆ ಅನ್ನಿಸಿತು.

"ಬರ್ಕಳಿ," ಎಂದಳು.

ಪೇಂಟರ್ ಏಣಿ ಹತ್ತಿದ. ಅವನು ಬರೆಯುವುದನ್ನು ನೋಡಲು ಅವಳು ನಿಲ್ಲಲಿಲ್ಲ. ರಾಚಿಯ ಮನೆ ಬಾಗಿಲಲ್ಲಿ ಕಾಲು ತೊಳೆದು ಮತ್ತೆ ಒಳಗೆ ಹೋದಳು.

"ಯಾರಮ್ಮಿ?" ಎಂದರು ತಾತ.

"ಬೋರ್ಡ್ ಬರಿಯೋರು."

ಇಬ್ಬರು ತಾತಂದಿರ ಕೈಗಳೂ ನಿಂತವು.

"ಏನ್ ಬರುದ್ರು?" ಇದನ್ನು ಕೇಳಿದ್ದು ವೃಷಭೇಂದ್ರಪ್ಪ ತಾತ.

"ಮೂರ್ನೇ ಬೀದಿ ಅಂತ."

ತಾತ ಉದ್ದನೆಯ ಉಸಿರು ಬಿಟ್ಟರು. ವೃಷಭೇಂದ್ರಪ್ಪ ತಾತ ತಲೆ ತಗ್ಗಿಸಿದರು. ಅಜ್ಜಿ ಮಾತ್ರ, "ಒಳ್ಳೇದಾಯ್ತು ಬುಡಿ. ಮೂರ್ನೇದು ನಮ್ಮಪ್ಪನ್ದು ಅಂತ ಯಾರೂ ಬಡಿದಾಡಂಗಿಲ್ಲ" ಎಂದರು. ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಇಬ್ಬರು ಮುದುಕರೂ ನಗಲಿಲ್ಲ, ಆದರೆ ಕೈಗಳು ಮತ್ತೆ ಆಡತೊಡಗಿದವು.

ರತ್ನಿ ತನ್ನ ತಟ್ಟೆಯ ಮುಂದೆ ಕೂತಳು. ರಾಚಿ ಅವಳನ್ನೇ ನೋಡುತ್ತಿದ್ದಳು. ಕೊನೆಗೆ ಹತ್ತಿರ ಬಗ್ಗಿ ಪಿಸುಗುಟ್ಟಿದಳು.

"ನೀನೊಬ್ಳೇ ಇದ್ಯಲ್ಲ ಅಲ್ಲಿ. ನಿಮ್ ಮುತ್ತಾತನ್ ಎಸ್ರು ಯೋಳ್ಬೋದಾಗಿತ್ತು."

"ಊಂ. ಯೋಳ್ಬೋದಾಗಿತ್ತು," ಎಂದಳು ರತ್ನಿ. "ಒಸಿ ಅತ್ಲಾಗೆ ಜರುಗಮ್ಮಿ. ಈ ಕಡೆ ಕುಂತ್ಕಂಡ್ರೆ ನಂಗೆ ಕೈ ಎಟುಕಲ್ಲ."

ರಾಚಿ ಜರುಗಿ ತನ್ನ ಪಕ್ಕ ಜಾಗ ಬಿಟ್ಟಳು.